ಅಗಿದ ರೊಟ್ಟಿ

"ಹೆತ್ತವ್ವನ ಬಾಯಾಗೆ ಹುಳ ಐತೆ ಅಂದೋನಿಗೆ ಎಲೆ ಹಾಕಬ್ಯಾಡ್ರಿ," ಎಂದ ಸೋದರಮಾವ ಪಂಚಾಕ್ಷರಪ್ಪ. "ಏಳನೇ ಕ್ಲಾಸಿಗೇ ಇಸ್ಕೂಲು ಬಿಟ್ಟು ಖಾರದಪುಡಿ ಬೀಸೋನು, ನಮಗೆ ಡಾಕ್ಟ್ರಾಗಾಕೆ ಬಂದಾನೆ."

ಪಂಕ್ತಿಯಲ್ಲಿ ನಲವತ್ತು ಜನ ಕೂತಿದ್ದರು. ಚನ್ನಗಿರಿಯಿಂದ ಬಂದ ಮಾವನ ಕಡೆಯವರು, ಜಗಳೂರಿನಿಂದ ಬಂದ ತಂಗಿಯ ಗಂಡನ ಕಡೆಯವರು. ಎಲ್ಲರೂ ನಕ್ಕರು. ಬಡಿಸುವವನು ನನ್ನ ಪಾಲಿನ ಎಲೆಯನ್ನು ಕೈಯಲ್ಲೇ ಹಿಡಿದು ಮಾವನ ಮುಖ ನೋಡಿದ. ಒಬ್ಬೊಬ್ಬರ ಎಲೆ ಎತ್ತಿ ಅಂಗಳಕ್ಕೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಎದ್ದು ಕಂಬಕ್ಕೆ ಒರಗಿ ನಿಂತೆ.

ಅದು ಎಂಬತ್ತೆಂಟನೇ ಇಸವಿ. ಗೋವಿನಕೋವಿಯ ನಮ್ಮ ಮನೆಯಲ್ಲಿ ತಂಗಿ ನಿರ್ಮಲಳ ಮಗಳಿಗೆ ಆ ದಿನ ಮೊದಲ ರೊಟ್ಟಿ. ನಮ್ಮಲ್ಲಿ ಅದನ್ನು ಅಜ್ಜಿಯಾದವಳು ಅಗಿದು, ಬೆರಳಲ್ಲಿ ತೆಗೆದು, ಮಗುವಿನ ಬಾಯಿಗಿಡಬೇಕು. ಅಜ್ಜಿಯ ಹಲ್ಲು ಗಟ್ಟಿಯಿದ್ದರೆ ಮಗುವಿನ ಹಲ್ಲೂ ಗಟ್ಟಿ ಅನ್ನುತ್ತಾರೆ. ನಮ್ಮವ್ವ ಸರ್ವಮಂಗಳಮ್ಮನಿಗೆ ಐವತ್ತೈದು ದಾಟಿದರೂ ಒಂದು ಹಲ್ಲೂ ಬಿದ್ದಿರಲಿಲ್ಲ. ಅಣ್ಣ, ಮರುಳನೆಂಬ ನಾನು, ನಿರ್ಮಲ, ಮೂವರೂ ಅವಳು ಅಗಿದು ಕೊಟ್ಟಿದ್ದನ್ನು ತಿಂದೇ ಬೆಳೆದವರು.

ಮೂವರಲ್ಲಿ ಅಣ್ಣ ಬೆನಕಪ್ಪ ಆಗಲೇ ಇರಲಿಲ್ಲ. ಮೂರು ವರ್ಷದ ಹಿಂದೆ ರಕ್ತ ಕಾರಿಕೊಂಡ. ಶಿವಮೊಗ್ಗಕ್ಕೆ ಒಯ್ಯುತ್ತಿದ್ದ ಟೆಂಪೋದಲ್ಲಿ, ನ್ಯಾಮತಿ ಬರುವುದರೊಳಗೆ, ನನ್ನ ತೊಡೆಯ ಮೇಲೆ ಹೋದ. ಅವನ ಸಿಟ್ಟೇ ಅವನ ಹೊಟ್ಟೆ ತಿಂದಿತು ಅಂದರು ಊರವರು. ಅಪ್ಪನೂ ಬದುಕಿರುವವರೆಗೆ ಉಂಡು ಎದ್ದ ಕೂಡಲೇ ಅಡಿಗೆ ಸೋಡಾ ನೆಕ್ಕುತ್ತಿದ್ದ. ಅದಕ್ಕೆ ಬೀಡಿ ಕಾರಣವಂತೆ. ನಾನು ಕೆಲಸಕ್ಕಿದ್ದ ಹೊನ್ನಾಳಿಯ ಗಿರಣಿಯಲ್ಲಿ ನನಗೆ ಹೊಟ್ಟೆನೋವು ಶುರುವಾದಾಗ ಮೆಣಸಿನಕಾಯಿ ಘಾಟು ಅಂದರು. ಒಂದೇ ಮನೆಯ ಮೂರು ಹೊಟ್ಟೆಗೆ ಮೂರು ಕಾರಣ ಹುಡುಕಿ ಕೊಟ್ಟ ಜನ ಇವರು.

ದಾವಣಗೆರೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ನನ್ನ ಬಾಯೊಳಗೆ ಕೊಳವೆ ಇಳಿಸಿ ನೋಡಿ, ಮನೆಯಲ್ಲಿ ಬೇರೆ ಯಾರಿಗೆ ಹೀಗಿದೆ ಅಂತ ಕೇಳಿದ. ಹಾಗೆ ಯಾರೂ ಕೇಳಿರಲಿಲ್ಲ. ಹೊಟ್ಟೆಹುಣ್ಣಿಗೆ ಕಣ್ಣಿಗೆ ಕಾಣದ ಒಂದು ಜೀವಿ ಕಾರಣ ಅಂತ ಹೊರದೇಶದಲ್ಲಿ ಕಂಡುಹಿಡಿದಿದ್ದಾರಂತೆ. ಒಂದೇ ಮನೆಯವರಲ್ಲಿ ಒಬ್ಬರಿಂದ ಒಬ್ಬರಿಗೆ, ಬಾಯಿಂದಲೋ ಕೈಯಿಂದಲೋ, ದಾಟುತ್ತಿರಬಹುದಂತೆ. ಖಾತ್ರಿಯಾಗಿ ಹೇಳಲಾರೆ ಅಂದ. ಆದರೂ ಮಕ್ಕಳಿಗೆ ಅಗಿದು ತಿನ್ನಿಸುವುದು ಬೇಡ ಅಂದ.

ಆವತ್ತಿನಿಂದ ನನ್ನ ತಟ್ಟೆ ಬೇರೆ, ಲೋಟ ಬೇರೆ. ವಾರಕ್ಕೊಮ್ಮೆ ಊರಿಗೆ ಬಂದರೆ ಜಗಲಿಯ ತುದಿಗೆ ಒಬ್ಬನೇ ಕೂತು ಉಣ್ಣುತ್ತಿದ್ದೆ. ಮಗು ಅಂಬೆಗಾಲಿಟ್ಟು ಬಂದು ನನ್ನ ಪ್ಯಾಂಟು ಹಿಡಿದರೆ ಬಿಡಿಸಿಕೊಂಡು ಹಿಂದೆ ಸರಿಯುತ್ತಿದ್ದೆ. ನನ್ನೊಳಗೂ ಅದೇ ಇದೆಯಲ್ಲ. ಒಂದು ಸಲವೂ ಅದಕ್ಕೆ ಮುತ್ತು ಕೊಟ್ಟವನಲ್ಲ. ಹೆಣ್ಣುಮಗು ಅಂತ ಅಸಡ್ಡೆ ಅಂದುಕೊಂಡರು ತಂಗಿಯ ಗಂಡನ ಕಡೆಯವರು.

ಮೂರು ದಿನದ ಕೆಳಗೆ ಅವ್ವ ಒಬ್ಬಳೇ ಇದ್ದಾಗ ಇದನ್ನು ಹೇಳಿದ್ದೆ. ಡಾಕ್ಟರು ಅಂದ ಶಬ್ದ ನೆನಪಿಗೆ ಬರಲಿಲ್ಲ, ಹುಳ ಅಂದುಬಿಟ್ಟೆ. ಅವಳು ಎದ್ದು ಒಳಗೆ ಹೋದಳು. ಆಮೇಲೆ ತನ್ನ ತಮ್ಮನ ಮುಂದೆ ಅತ್ತಿದ್ದಾಳೆ. ಅದೇ ಈಗ ಪಂಕ್ತಿಯಲ್ಲಿ ಮಾವನ ಬಾಯಿಂದ ಹೊರಬಂದಿತ್ತು.

ಊಟ ಮುಗಿದು ಎಲೆ ಎತ್ತಿದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಅವ್ವನನ್ನು ಕೂರಿಸಿದರು. ನಿರ್ಮಲ ಮಗುವನ್ನು ಅವಳ ತೊಡೆಗೆ ಕೊಟ್ಟಳು. ಅವ್ವ ಜೋಳದ ರೊಟ್ಟಿ ಮುರಿದು, ಚೂರು ಬೆಲ್ಲದ ಜೊತೆ ಬಾಯಿಗೆ ಹಾಕಿ ಅಗಿಯತೊಡಗಿದಳು. ಮಗು ಅವಳ ದವಡೆಯನ್ನೇ ನೋಡುತ್ತ ತಾನೂ ಬಾಯಿ ಆಡಿಸಿತು. ಹೆಂಗಸರು ನಕ್ಕರು.

ಎಲ್ಲರ ನಡುವೆ ಹೋಗಿ ಅವ್ವನ ಮುಂದೆ ಮಂಡಿಯೂರಿದೆ.

"ಅವ್ವಾ, ಒಳಕಲ್ಲಾಗೆ ಕುಟ್ಟಿ, ಹಾಲಾಗೆ ನೆನೆಸಿ ಕೊಡು. ನಿನ್ನ ಕಾಲಿಗೆ ಬೀಳ್ತೀನಿ."

ಇವನನ್ನು ಹೊರಗೆ ಹಾಕಿ ಅಂತ ಮಾವ ಕೂಗಿದ. ಅವ್ವ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದಳು. ಅಗಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದುದನ್ನು ಅಂಗೈಗೆ ತೆಗೆದುಕೊಂಡಳು. ಅದನ್ನೇ ನೋಡಿದಳು.

"ಬೆನಕನಿಗೂ ಹಿಂಗೇ ಕೊಟ್ಟಿದ್ದೆ ಕಣೋ," ಅಂದಳು. "ಹಂಗಾದ್ರೆ ಅವನ್ನ ಕೊಂದೋಳು ನಾನೇ ಏನೋ, ಮರುಳಾ?"

ಅಲ್ಲ ಅಂದರೆ ಆ ತುತ್ತು ಮಗುವಿನ ಬಾಯಿಗೆ ಹೋಗುತ್ತಿತ್ತು. ಹೌದು ಅನ್ನುವುದಕ್ಕೆ ನಾನೇನು ಮನುಷ್ಯನಲ್ಲವಾ? ಡಾಕ್ಟರೇ ಖಾತ್ರಿಯಿಲ್ಲ ಅಂದಿದ್ದ.

ನಿರ್ಮಲ ಬಂದು ಬಗ್ಗಿ ಮಗುವನ್ನು ಎತ್ತಿಕೊಂಡಳು. ಬುಟ್ಟಿಯಿಂದ ಬೇರೆ ರೊಟ್ಟಿ ತೆಗೆದುಕೊಂಡು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ಒಳಗಿನಿಂದ ಕುಟ್ಟುವ ಸದ್ದು ಬಂತು.

ಅವ್ವ ಅಂಗೈ ಮುಚ್ಚಿರಲಿಲ್ಲ. ಖಾಲಿಯಾದ ತೊಡೆಯ ಮೇಲೆ ಅದನ್ನಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಎದ್ದೆ. ಜನ ಕಾಲು ಮಡಚಿ ದಾರಿ ಬಿಟ್ಟರು. ಚಪ್ಪಲಿ ಮೆಟ್ಟಿಕೊಂಡು, ಅವಳಿಗೆ ಏನೂ ಹೇಳದೆ, ಹೊನ್ನಾಳಿಯ ರಸ್ತೆಗೆ ನಡೆದೆ.