ಮಧ್ಯದ ತಂತಿ ಮೊದಲು

ನಾನು ಸುಳ್ಳು ಹೇಳುವುದಿದ್ದರೆ ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಇದನ್ನು ನನ್ನ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ, ಆದ್ದರಿಂದ ಇದು ನಿಜ. ನಂಬಿಕೆ ಬಾರದವರು ಅಕ್ಕನ ಮನೆಗೆ ಹೋಗಿ ತಂತಿ ಮೀಟಿ ನೋಡಬಹುದು.

ಅಕ್ಕನ ಮನೆ ಇಳಿಜಾರಿನ ಮೇಲಿದೆ. ಮುಂಬಾಗಿಲಿನಿಂದ ನೋಡಿದರೆ ನೆಲಮಟ್ಟ, ಹಿಂಬಾಗಿಲಿನಿಂದ ನೋಡಿದರೆ ಒಂದೂವರೆ ಆಳೆತ್ತರ. ಆ ಹಿಂಬದಿಗೆ ಭಾವ ಮೂರು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಮರದ ಜಗಲಿ, ಅವರ ಮಾತಲ್ಲಿ ಡೆಕ್, ಕಟ್ಟಿದ್ದರು. ಎರಡು ಬದಿಗೆ ಗೋಡೆ, ಇಪ್ಪತ್ತಡಿ ಉದ್ದದ ಒಂದು ಬದಿ ಮಾತ್ರ ಬಯಲು. ಅಲ್ಲಿಂದ ಕೆಳಗಿನ ಹೆದ್ದಾರಿ ಕಾಣುತ್ತದೆ. ಭಾವ ಲಾರಿ ಮೆಕ್ಯಾನಿಕ್. ಸಂಜೆ ಕುರ್ಚಿ ಎಳೆದುಕೊಂಡು, ಟೀ ಲೋಟ ಹಿಡಿದು, ಏರು ಹತ್ತುವ ಲಾರಿಗಳ ಸದ್ದು ಕೇಳುತ್ತ, "ಇದರ ಕ್ಲಚ್ಚು ಇನ್ನೊಂದು ವಾರ," "ಇದಕ್ಕೆ ಎಣ್ಣೆ ತೋರಿಸಿ ವರ್ಷ ಆಗಿದೆ," ಎಂದು ಭವಿಷ್ಯ ಹೇಳುವುದಕ್ಕಿಂತ ದೊಡ್ಡ ಸುಖ ಅವರಿಗೆ ಇರಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ನಡೆಯಲು ಕಲಿತಳು. ಬಯಲು ಬದಿಯಲ್ಲಿ ಆಗ ಇದ್ದದ್ದು ಕಂಬಗಳು, ಮೇಲೊಂದು ಅಡ್ಡಪಟ್ಟಿ, ನಡುವೆ ಬರೀ ಗಾಳಿ. ಒಂದು ದಿನ ಅವಳು ಆ ಅಂಚಿಗೆ ಹೋಗಿ ಲಾರಿಗಳಿಗೆ ಟಾಟಾ ಮಾಡಿದಳು. ಅಂದೇ ಅಕ್ಕ ಡೆಕ್ಕಿನ ಬಾಗಿಲಿಗೆ ಬೀಗ ಜಡಿದು, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡೆಕ್ ಕಟ್ಟಿ ಬೀಗಿದವರು ಭಾವ, ಬೀಗ ಹಾಕಿದವಳು ಅಕ್ಕ.

ಹತ್ತು ತಿಂಗಳಾಯಿತು. ಮರದ ಪಟ್ಟಿ ಹೊಡೆಸಲು ಭಾವ ಒಪ್ಪಲಿಲ್ಲ. "ಕೂತ್ರೆ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತೆ. ಲಾರಿ ತುಂಡುತುಂಡಾಗಿ ಕಾಣುತ್ತೆ," ಎಂದರು. ಉಕ್ಕಿನ ಸಣ್ಣ ತಂತಿಗಳನ್ನು ಎಳೆದು ಕಟ್ಟುತ್ತೇನೆ, ಕಣ್ಣಿಗೂ ಅಡ್ಡವಿಲ್ಲ, ಮಗುವಿಗೂ ಭಯವಿಲ್ಲ ಎಂದು ಹೇಳುತ್ತಲೇ ಹತ್ತು ತಿಂಗಳು ಕಳೆದರು. ಕೊನೆಗೆ ಅಕ್ಕ ತೀರ್ಪು ಕೊಟ್ಟಳು.

"ಭಾನುವಾರ ನಾಲ್ಕು ಗಂಟೆಗೆ ಮೇಸ್ತ್ರಿ ಅಳತೆಗೆ ಬರ್ತಾರೆ. ಅಷ್ಟರಲ್ಲಿ ನಿಮ್ಮ ತಂತಿ ಆಗಿದ್ರೆ ಸರಿ. ಇಲ್ಲಾಂದ್ರೆ ಆ ಬಾಗಿಲಿಗೆ ಅಡ್ಡಲಾಗಿ ಬಟ್ಟೆ ಬೀರು ಕೂರಿಸ್ತೀನಿ. ಗೋಡೆಗೇ ಸೇರಿಸಿ."

"ಆಗಿದೆ ಅಂತ ಯಾರು ಹೇಳ್ಬೇಕು?" ಭಾವ ಕೇಳಿದರು.

ಅಕ್ಕ ಮಗಳ ಕೆಂಪು ಚೆಂಡನ್ನು ಎತ್ತಿ ತೋರಿಸಿದಳು. "ಇದು ಹೇಳುತ್ತೆ. ನಾನು ಒತ್ತಿದ್ರೂ ಇದು ಎಲ್ಲೂ ತೂರಬಾರದು."

ಮೇಸ್ತ್ರಿ ಎಂದರೆ ಪಕ್ಕದ ಮನೆಗೆ ಅಡುಗೆಮನೆ ಕಪಾಟು ಮಾಡಿಕೊಡುತ್ತಿದ್ದ ಹಿರಿಯ ಬಡಗಿ. ಎರಡು ಮನೆಗಳ ನಡುವೆ ಆಳೆತ್ತರದ ಗಿಡದ ಬೇಲಿ. ಅದರಾಚೆಯಿಂದ ವಾರವಿಡೀ ಅವರ ದನಿ ಬರುತ್ತಿತ್ತು. ದನಿಯಲ್ಲೇ ಅರ್ಧ ಮರ ಕೊಯ್ಯಬಲ್ಲವರು ಎಂದು ನಾನು ಅವರಿಗೆ ಗರಗಸ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆ. ಮೊದಲು ಎರಡು ಸಲ "ಹ್ಞೂಂ, ಹ್ಞೂಂ" ಎಂದು ಗಂಟಲು ಉಜ್ಜಬೇಕು, ಆಮೇಲೆ ಮೂಗಿನಿಂದ "ನೋಡು ತಮ್ಮಾ." ಮೂರನೇ ದಿನಕ್ಕೇ ಆ ದನಿ ನನಗೆ ಸಿಕ್ಕಿತ್ತು. ಇಂಥ ಪ್ರತಿಭೆಗೆ ಮನೆಯವರು ಕೊಟ್ಟ ಬಿರುದು ನಕಲಿ.

ಭಾನುವಾರ ಬೆಳಿಗ್ಗೆ ಭಾವ ಕರೆದರು. "ನಕಲಿ, ಇನ್ನೆರಡು ಕೈ ಬೇಕು, ಬಾ. ಬಾಯಿ ಮನೇಲಿಟ್ಟು ಬಾ."

ಅದಕ್ಕೆ ಕಾರಣವಿತ್ತು. ಹೋದ ವರ್ಷ ನಾನು ಒಬ್ಬ ಲಾರಿ ಮಾಲೀಕನ ದನಿಯಲ್ಲಿ ಫೋನ್ ಮಾಡಿ, ಕೆಡದೇ ಇದ್ದ ಲಾರಿಯನ್ನು ರಿಪೇರಿ ಮಾಡಲು ಭಾವನನ್ನು ಹನ್ನೊಂದು ಕಿಲೋಮೀಟರು ಓಡಿಸಿದ್ದೆ. ಅಂದಿನಿಂದ ನಾನು ಗಂಟೆ ಎಷ್ಟೆಂದು ಹೇಳಿದರೂ ಅವರು ಇನ್ನೊಬ್ಬರನ್ನು ಕೇಳುತ್ತಿದ್ದರು.

ಡೆಕ್ಕಿಗೆ ಏಣಿ ಹಾಕಿಕೊಂಡು ಹತ್ತಿದೆವು. ಪ್ರತಿ ಕಂಬಕ್ಕೂ ಮೂರು ಇಂಚಿಗೊಂದರಂತೆ ಒಂಬತ್ತು ತೂತುಗಳನ್ನು ಭಾವ ಹಿಂದಿನ ದಿನವೇ ಕೊರೆದಿಟ್ಟಿದ್ದರು. ಗೆರೆ ಎಳೆದಂತೆ ನೇರ. ಅವರ ಕೈಯ ಬಗ್ಗೆ ನಾನು ತಮಾಷೆ ಮಾಡಲಾರೆ. ಒಂಬತ್ತು ತಂತಿಗಳನ್ನೂ ಪೋಣಿಸಿದೆವು. ಒಂದು ಮೂಲೆಯ ಕಂಬದಲ್ಲಿ ತಂತಿಯ ತುದಿ ಭದ್ರ, ಇನ್ನೊಂದು ಮೂಲೆಯಲ್ಲಿ ಅದಕ್ಕೊಂದು ಬೋಲ್ಟು, ಬೋಲ್ಟಿಗೊಂದು ನಟ್ಟು. ನಟ್ಟು ತಿರುಗಿಸಿದಷ್ಟೂ ತಂತಿ ಬಿಗಿ.

ಭಾವ ಮೇಲಿನ ತಂತಿಯಿಂದ ಶುರು ಮಾಡಿದರು. ಬಿಗಿದು ಮೀಟಿದರು. ಟಣ್ ಎಂದಿತು. ಎರಡನೆಯದು ಟಣ್. ಮೂರನೆಯದು ಟಣ್. ಒಂಬತ್ತನೆಯದನ್ನು ಮುಗಿಸಿ, ಸೊಂಟ ಹಿಡಿದು ಎದ್ದು, ಮೇಲಿನದನ್ನು ಮತ್ತೆ ಮೀಟಿದರು. ಅದು ಬಟ್ಟೆ ಒಣಹಾಕುವ ಹಗ್ಗದಂತೆ ದೊಳ್ ಎಂದು ತೂಗಾಡಿತು.

ಮತ್ತೆ ಮೇಲಿನಿಂದ ಬಿಗಿದರು. ಮತ್ತೆ ದೊಳ್. ಮೂರನೇ ಸಲದ ಹೊತ್ತಿಗೆ ಮೂಲೆಯ ಕಂಬ ನಟ್ಟನಡುವೆ ಒಳಕ್ಕೆ ಬಾಗಿದ್ದು ಕಣ್ಣಿಗೇ ಕಾಣುತ್ತಿತ್ತು.

ನಾನು ತಂತಿಯ ಜೊತೆ ಬಂದಿದ್ದ ಚೀಟಿ ತೆಗೆದೆ. "ಭಾವ, ಇದರಲ್ಲಿ ಬರೆದಿದೆ. ಮಧ್ಯದ್ದು ಮೊದಲು ಬಿಗೀಬೇಕಂತೆ. ಆಮೇಲೆ ಅದರ ಮೇಲಿಂದು, ಅದರ ಕೆಳಗಿಂದು..."

"ಇಪ್ಪತ್ತು ವರ್ಷದಿಂದ ನಟ್ಟು ತಿರುಗಿಸ್ತಿದ್ದೀನಿ. ಚೀಟಿ ಓದಿ ತಿರುಗಿಸೋನು ನಾನಲ್ಲ. ಅದೂ ನೀನು ಓದಿದ ಚೀಟಿ."

"ಬೇಕಾದ್ರೆ ನೀವೇ ಓದಿ."

"ನೀನೇ ಬರೆದಿರಬಹುದು."

ಗಂಟೆ ಒಂದೂವರೆ. ಇನ್ನೆರಡು ಸಲ ಹೀಗೇ ಸುತ್ತಿದರೆ ನಾಲ್ಕು ಬಾರಿಸುತ್ತದೆ, ಬೀರು ಬರುತ್ತದೆ, ಭಾವನ ಹೆದ್ದಾರಿ ಸೀರೆಗಳ ಹಿಂದೆ ಮುಚ್ಚಿಹೋಗುತ್ತದೆ. ಅವರ ಹಣೆಯ ಬೆವರು ನೋಡಿ ನನಗೂ ಸಂಕಟವಾಯಿತು. ಬೇಲಿಯಾಚೆ ಗರಗಸದ ಸದ್ದು ನಿಂತಿತ್ತು. ಆ ಹೊತ್ತಿಗೆ ಮೇಸ್ತ್ರಿ ಊಟಕ್ಕೆ ಮನೆಗೆ ಹೋಗಿ ಮೂರರವರೆಗೆ ಮಲಗುತ್ತಾರೆಂದು ನನಗೆ ಗೊತ್ತಿತ್ತು. ತಂತಿಯ ಮೇಲೆ ಬಾಗಿದ್ದ ಭಾವನಿಗೆ ಅದರ ಪರಿವೆ ಇರಲಿಲ್ಲ.

"ಒಂದು ವಾಷರ್ ಕೆಳಗೆ ಬಿತ್ತು. ಹುಡುಕಿ ತರ್ತೀನಿ," ಎಂದು ಏಣಿ ಇಳಿದೆ. ಬೇಲಿಯ ಸಂದಿಯಲ್ಲಿ ನುಸುಳಿ, ಡೆಕ್ಕಿನ ಗೋಡೆ ಮರೆಯಾಗುವಂತೆ ಆಚೆಗೆ ನಿಂತೆ.

"ಹ್ಞೂಂ, ಹ್ಞೂಂ. ನೋಡು ತಮ್ಮಾ."

ಮೇಲೆ ಸ್ಪ್ಯಾನರ್ ಸದ್ದು ನಿಂತಿತು. "ಹೇಳಿ ಮೇಸ್ತ್ರಿ."

"ಬೆಳಗ್ಗಿಂದ ಕೇಳ್ತಾ ಇದ್ದೀನಿ. ಲಾರಿ ಚಕ್ರದ ನಟ್ಟು ಹೇಗೆ ಬಿಗೀತೀಯ? ಒಂದರ ಪಕ್ಕ ಒಂದಾ?"

"ಇಲ್ಲ ಮೇಸ್ತ್ರಿ. ಎದುರುಬದುರು ಬಿಗೀತೀವಿ. ಇಲ್ಲಾಂದ್ರೆ ಚಕ್ರ ಒಂದು ಕಡೆ ಎಳ್ಕೊಳ್ಳುತ್ತೆ."

"ಮತ್ತೆ?"

ಅಷ್ಟೇ ಹೇಳಿದೆ. ಮೇಲೆ ಕಂಬವನ್ನು ತಟ್ಟಿ ನೋಡಿದ ಸದ್ದಾಯಿತು. ಆಮೇಲೆ ಭಾವ ತಮಗೆ ತಾವೇ ಎಂಬಂತೆ, "ಕಂಬ ಎಳ್ಕೊಂಡಿದೆ," ಎಂದರು.

"ಎಲ್ಲಾ ಸಡಿಲ ಬಿಡು. ಮಧ್ಯದ ತಂತಿ ಮೊದಲು. ಆಮೇಲೆ ಅದರ ಮೇಲಿಂದು ಒಂದು, ಕೆಳಗಿಂದು ಒಂದು. ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ."

"ಆಗ್ಲಿ ಮೇಸ್ತ್ರಿ. ಒಂದ್ನಿಮಿಷ ಈ ಕಡೆ ಬಂದು ನೋಡಿ ಹೋಗ್ತೀರಾ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಬರೋಕಾಗಲ್ಲ ತಮ್ಮಾ, ಬಾಯ್ತುಂಬ ಮೊಳೆ ಇಟ್ಕೊಂಡಿದ್ದೀನಿ."

"ಸರಿ ಸರಿ, ನಿಮ್ಮ ಕೆಲಸ ನೋಡಿ," ಎಂದರು ಭಾವ ಬಹಳ ಮರ್ಯಾದೆಯಿಂದ.

ನಾನು ಸುತ್ತು ಬಳಸಿ ಏಣಿ ಹತ್ತಿದಾಗ ಅವರು ಆಗಲೇ ನಟ್ಟುಗಳನ್ನು ಸಡಿಲಿಸುತ್ತಿದ್ದರು. "ಚಕ್ರದ ಲೆಕ್ಕ ಕಣೋ ಇದು. ಮಧ್ಯದಿಂದ ಹೋಗ್ಬೇಕು."

"ನಾನೂ ಅದನ್ನೇ ಅಲ್ವಾ ಹೇಳಿದ್ದು?"

"ನೀನು ಹೇಳಿದ್ದು ಚೀಟಿ. ಮೇಸ್ತ್ರಿ ಹೇಳಿದ್ದು ಕೆಲಸ."

ಐದನೇ ತಂತಿ, ಆಮೇಲೆ ನಾಲ್ಕು, ಆರು, ಮೂರು, ಏಳು. ಕಂಬಗಳ ನಡುವೆ ತಂತಿಗಳು ಅತ್ತಿತ್ತ ಸರಿಯದಂತೆ ಕಚ್ಚು ಕೊರೆದ ತೆಳುಪಟ್ಟಿಗಳನ್ನೂ ನಿಲ್ಲಿಸಿದೆವು. ಎರಡನೇ ಸುತ್ತು ಮುಗಿದಾಗ ಮೂಲೆಯ ಕಂಬ ಶಾಲೆಯ ಹುಡುಗನಂತೆ ನೆಟ್ಟಗೆ ನಿಂತಿತ್ತು. ಭಾವ ಮೇಲಿನಿಂದ ಕೆಳಗಿನವರೆಗೆ ಬೆರಳು ಎಳೆದರು. ಒಂಬತ್ತೂ ಟಣ್.

ನಾಲ್ಕಕ್ಕೆ ಸರಿಯಾಗಿ ಒಳಗಿನಿಂದ ಬೀಗ ತೆಗೆದ ಸದ್ದಾಯಿತು. ಅಕ್ಕ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಕೈಯಲ್ಲಿ ಚೆಂಡು ಹಿಡಿದು ಬಂದಳು. ಅವಳು ಪರೀಕ್ಷೆ ಮಾಡುವುದೂ ಬದನೆಕಾಯಿ ಆರಿಸುವುದೂ ಒಂದೇ ಥರ. ಪ್ರತಿ ಸಂದಿಗೂ ಚೆಂಡು ಇಟ್ಟು ಅಂಗೈಯಿಂದ ಒತ್ತಿದಳು, ಮೊಣಕಾಲಿನಿಂದ ಒತ್ತಿದಳು. ಚೆಂಡು ಪ್ರತಿ ಸಲವೂ ಪುಟಿದು ಹಿಂದಕ್ಕೆ ಬಂತು. ಮಗಳಿಗೆ ಅದೇ ಆಟವಾಯಿತು.

"ತೂರಲಿಲ್ಲ," ಎಂದಳು ಅಕ್ಕ, ಸ್ವಲ್ಪ ಬೇಜಾರಿನಿಂದಲೇ. ಕೀ ಸೊಂಟದಿಂದ ಹೊರಗೆ ಬಂತು.

ಅಷ್ಟರಲ್ಲಿ ಮೇಸ್ತ್ರಿ ಅಳತೆಯ ಟೇಪು ಹಿಡಿದು ಬಂದರು. ಹುಬ್ಬಿನಲ್ಲಿ ಮರದ ಪುಡಿ, ಕೆನ್ನೆಯ ಮೇಲೆ ಇನ್ನೂ ದಿಂಬಿನ ಗೆರೆ.

ಭಾವ ಎರಡೂ ಕೈ ಜೋಡಿಸಿದರು. "ಮೇಸ್ತ್ರಿ, ನೀವು ಹೇಳ್ಕೊಡದೇ ಇದ್ದಿದ್ರೆ ಇವತ್ತು ನನ್ನ ಡೆಕ್ ಹೋಗ್ತಿತ್ತು."

ಮೇಸ್ತ್ರಿಯ ಕಣ್ಣು ಒಂದು ಕ್ಷಣ ಅತ್ತಿತ್ತ ಹೋಯಿತು. ಆದರೆ ತಾನಾಗಿ ಮನೆಗೆ ಬಂದ ಹೊಗಳಿಕೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಜಾತಿಯವರಲ್ಲ ಅವರು. "ಹ್ಞೂಂ, ಹ್ಞೂಂ. ನೋಡು ತಮ್ಮಾ, ನಾನು ಹೇಳಿದ ಮೇಲೆ ಆಗದೇ ಇರುತ್ತಾ?"

"ಹಾಗಾದ್ರೆ ಬೀರು ಬೇಡ ಮೇಸ್ತ್ರಿ," ಎಂದಳು ಅಕ್ಕ.

ಮೇಸ್ತ್ರಿಯ ಟೇಪು ಸರ್ರೆಂದು ಡಬ್ಬಿಯೊಳಗೆ ಹೋಯಿತು. "ಬೇಡ್ವಾ?"

"ಬೇಡ. ಆದ್ರೆ ತಂತಿ ಇವತ್ತಲ್ಲ ನಾಳೆ ಸಡಿಲ ಆಗುತ್ತಲ್ಲ, ಆಗ ಹೇಗೆ ಬಿಗಿಯೋದು ಅಂತ ನನಗೂ ಹೇಳಿ. ಇವರು ಮನೇಲಿ ಇಲ್ಲದಾಗ ನಾನೇ ನೋಡ್ಕೋಬೇಕು. ತಿಳ್ಕೊಂಡು ಆಮೇಲೆ ಕೀ ಕೊಡ್ತೀನಿ."

"ಅದೇನು ತಂಗೀ, ಸುಲಭ. ಮೇಲಿಂದ ಶುರು ಮಾಡಿ ಕೆಳಗಿನವರೆಗೆ. ಒಂದಾದ ಮೇಲೆ ಒಂದು."

ಭಾವ ತಟ್ಟನೆ ಮೇಸ್ತ್ರಿಯತ್ತ ತಿರುಗಿದರು. "ಮಧ್ಯಾಹ್ನ ಮಧ್ಯದ್ದು ಮೊದಲು ಅಂದ್ರಲ್ಲ?"

"ನಾನಾ?"

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ಕೀ ಮತ್ತೆ ಸೊಂಟಕ್ಕೆ ಹೋಯಿತು. "ಒಬ್ಬರು ಹಾಗಂತೀರಿ, ಒಬ್ಬರು ಹೀಗಂತೀರಿ. ಇದು ಹೇಗೆ ನಿಂತಿದೆ ಅಂತ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ, ಟೇಪು ತೆಗೀರಿ."

ಭಾವನ ಮುಖ ಬಿದ್ದುಹೋಯಿತು. ನಾನು ಸುಮ್ಮನಿದ್ದರೆ ಬೀರು, ಬಾಯಿಬಿಟ್ಟರೆ ನನಗೆ ಮಂಗಳಾರತಿ. ಎರಡರಲ್ಲಿ ಎರಡನೆಯದು ನನಗೆ ಅಭ್ಯಾಸವಿದೆ. ಚೀಟಿಯನ್ನು ಅಕ್ಕನ ಕೈಗಿಟ್ಟು, "ಇದನ್ನ ಓದ್ತಾ ಇರು," ಎಂದು ಏಣಿ ಇಳಿದು ಬೇಲಿಯಾಚೆ ಹೋದೆ.

"ಹ್ಞೂಂ, ಹ್ಞೂಂ. ನೋಡು ತಮ್ಮಾ. ಮಧ್ಯದ ತಂತಿ ಮೊದಲು. ಆಮೇಲೆ ಅದರ ಮೇಲಿಂದು ಒಂದು, ಕೆಳಗಿಂದು ಒಂದು."

ಡೆಕ್ ಮೇಲೆ ಮೊದಲು ಮಾತಾಡಿದವರು ಮೇಸ್ತ್ರಿ. "ನಾನು ಇಲ್ಲಿದ್ದೀನಲ್ಲಾ. ಅಲ್ಲಿರೋದು ಯಾರು?"

"ಚೀಟಿಯಲ್ಲೂ ಹಾಗೇ ಇದೆ," ಎಂದಳು ಅಕ್ಕ ನಿಧಾನವಾಗಿ. "ಅಕ್ಷರಕ್ಕಕ್ಷರ."

ನಾನು ಬೇಲಿಯಿಂದ ತಲೆ ಹೊರಗೆ ಹಾಕಿದೆ. ಭಾವ ಅಡ್ಡಪಟ್ಟಿ ಹಿಡಿದು ಕೆಳಗೆ ನೋಡುತ್ತಿದ್ದರು. ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಏಣಿ ಹತ್ತುವುದೋ ರಸ್ತೆ ಹಿಡಿಯುವುದೋ ಎಂದು ಯೋಚಿಸುತ್ತ, ನನ್ನ ಸ್ವಂತ ದನಿಯಲ್ಲಿ, "ಚೀಟಿ ನಾನು ಬರೆದಿದ್ದಲ್ಲ ಭಾವ," ಎಂದೆ.

"ತಿಂಗಳಿಗೊಂದು ಸಲ ಬಂದು ಇದನ್ನ ಬಿಗಿಯೋನು ಇನ್ಮೇಲೆ ಇವನೇ," ಎಂದು ಅಕ್ಕ ಕೀಯನ್ನು ಭಾವನ ಅಂಗೈಗೆ ಒತ್ತಿದಳು. "ಗೊತ್ತಿರೋನು ಇವನೊಬ್ಬನೇ."

"ನನ್ನ ದನಿ ಹಾಗಿದೆಯಾ?" ಎಂದು ಮೇಸ್ತ್ರಿ ಅಕ್ಕನನ್ನು ಕೇಳುತ್ತಿದ್ದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಸ್ತ್ರಿಯೂ ಹ್ಞೂಂ ಹ್ಞೂಂ ಎಂದು ನಗತೊಡಗಿದರು. ಭಾವ ಮಾತ್ರ ನಗಲಿಲ್ಲ. ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಹುಬ್ಬು ಗಂಟಿಕ್ಕಿ, ಏನನ್ನೋ ಮೊದಲಿನಿಂದ ನೆನಪು ಮಾಡಿಕೊಳ್ಳುತ್ತಿದ್ದರು.

"ಬಾಯ್ತುಂಬ ಮೊಳೆ," ಎಂದರು ಕೊನೆಗೆ.

"ಏನು?" ಎಂದಳು ಅಕ್ಕ.

"ಬಾಯ್ತುಂಬ ಮೊಳೆ ಇದೆ, ಬರೋಕಾಗಲ್ಲ ಅಂದ. ಅಷ್ಟುದ್ದ ಪಾಠ ಹೇಳಿ ಆಮೇಲೆ ಬಾಯ್ತುಂಬ ಮೊಳೆ ಇದೆ ಅಂದ. ನಾನು ಸರಿ ಸರಿ, ನಿಮ್ಮ ಕೆಲಸ ನೋಡಿ ಅಂದೆ."

ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಹತ್ತು ತಿಂಗಳಿಂದ ಖಾಲಿ ಬಿದ್ದಿದ್ದ ಕುರ್ಚಿಯಲ್ಲಿ ಕುಸಿದರು. ನಮ್ಮೆಲ್ಲರ ನಗು ಮುಗಿದ ಮೇಲೂ ಅವರದು ಏರು ಹತ್ತುವ ಲಾರಿಯಂತೆ ಗೇರ್ ಬದಲಿಸಿ ಬದಲಿಸಿ ಮುಂದುವರಿಯಿತು. ಅವರ ಬೆನ್ನು ತಗುಲಿ ಅಲುಗಿದ ತಂತಿ ಒಂದೇ ಸಮನೆ ಟಣಗುಡುತ್ತಿತ್ತು.