ಜೂನ್ ಒಂದರಂದು ಹುಟ್ಟಿದ ನಾಲ್ವರು

ನಮ್ಮ ನಾಲ್ವರಿಗೂ ಹುಟ್ಟಿದ ದಿನ ಕೊಟ್ಟವರು ನವಲಿ ಶಾಲೆಯ ಹೆಡ್‌ಮಾಸ್ತರರು. ಶಾಲೆಗೆ ಹೆಸರು ಹಚ್ಚುವಾಗ ಯಾರ ತಾಯಿಗೂ ತಾರೀಖು ಗೊತ್ತಿರಲಿಲ್ಲ. ಒಬ್ಬಳು ನಾಟಿ ಹಚ್ಚುವ ದಿನಗಳೆಂದಳು, ಇನ್ನೊಬ್ಬಳು ರಂಜಾನ್ ಮುಗಿದ ವಾರವೆಂದಳು. ಮಾಸ್ತರರು ಹೆಚ್ಚು ವಿಚಾರ ಮಾಡದೆ ನಾಲ್ಕೂ ಹೆಸರಿನ ಮುಂದೆ ಜೂನ್ ಒಂದು, ಅರವತ್ತೈದು ಎಂದು ಬರೆದುಬಿಟ್ಟರು. ದುರಗಮ್ಮ, ಶಾಂತಕ್ಕ, ಹಸನಬೀ ಮತ್ತು ಪಾರ್ವತೆಮ್ಮನೆಂಬ ನಾನು. ಹೀಗಾಗಿ ಈ ಜೂನ್ ಒಂದಕ್ಕೆ ನಾಲ್ವರಿಗೂ ಒಟ್ಟಿಗೇ ಅರವತ್ತು ತುಂಬುವುದಿತ್ತು.

ಅದೇ ದಿನ ಹೈದರಾಬಾದಿಗೆ ಹೋಗೋಣವೆಂಬ ಮಾತು ತೆಗೆದವಳು ದುರಗಮ್ಮ. ಮೇ ಮೊದಲ ವಾರ ಗಂಗಾವತಿಯಲ್ಲಿ ಶಾಂತಕ್ಕನ ಮನೆಯಲ್ಲಿ ಮೂವರು ಕೂತಿದ್ದೆವು. ಶಾಂತಕ್ಕ ಶಾಲೆಯ ಶಿಕ್ಷಕಿ, ತಿಂಗಳ ಕೊನೆಗೆ ನಿವೃತ್ತಿ. ದುರಗಮ್ಮ ಮರಳಿ ಎಂಬ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ನಾನು ಕಾರಟಗಿಯಲ್ಲಿ ಮನೆ ನೋಡಿಕೊಂಡು, ಮಠದಲ್ಲಿ ಸೋಮವಾರದ ಪುರಾಣ ಕೇಳಿಕೊಂಡು ಇರುವವಳು.

“ರಾಯಚೂರ ತನಕ ಆಧಾರ ಕಾರ್ಡ್ ತೋರಿಸಿದ್ರ ಬಸ್ ಪುಕ್ಕಟೆ. ಅಲ್ಲಿಂದ ರೈಲು,” ಎಂದಳು ದುರಗಮ್ಮ. “ಕಾರ್ಡ್ ತಗೀರಿ ಇಬ್ಬರೂ. ಲಾಡ್ಜಿಗೆ ಝೆರಾಕ್ಸ್ ಬೇಕು. ನಿಮ್ಮ ಕೈಯಾಗ ಬಿಟ್ರ ಕಳಕೊಂಡು ಕುಂದರ್ತೀರಿ.”

“ತಗೋರಿ ಕಲೆಕ್ಟರ್ ಸಾಹೇಬ್ರ,” ಎಂದು ಶಾಂತಕ್ಕ ಕಾರ್ಡು ಕೊಟ್ಟಳು. “ನಾ ಅಂತೂ ಚಾರ್‌ಮಿನಾರ್ ನೋಡಾಕಿ, ಕೈತುಂಬ ಬಳಿ ಇಡಸ್ಕೊಳ್ಳಾಕಿ. ನಿನಗೇನ್ ನೋಡೂದೈತಿ?”

“ನನಗೊಂದು ದವಾಖಾನಿ ಗೇಟ್ ನೋಡೂದೈತಿ.”

ಯಾವ ದವಾಖಾನೆ ಎಂದು ಕೇಳುವ ಅಗತ್ಯ ನಮ್ಮಿಬ್ಬರಿಗೂ ಇರಲಿಲ್ಲ. ನಲವತ್ತೆರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಹೈದರಾಬಾದಿನ ಒಂದು ದವಾಖಾನೆಯಿಂದ ನರ್ಸ್ ತರಬೇತಿಗೆ ಆರಿಸಿದ್ದೇವೆ ಬಾ ಎಂದು ದುರಗಮ್ಮನಿಗೆ ಕಾಗದ ಬಂದಿತ್ತು. ಅವಳ ಅಪ್ಪ ಸಣ್ಣಪ್ಪ ಬಿಡುವವನಲ್ಲ. ಹಸನಬೀಯ ಸೋದರಮಾವ ಅಲ್ಲಿದ್ದ. ಕನಕಗಿರಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಹಸನಬೀಯ ಜೊತೆ ಬೆಳಗಿನ ಬಸ್ಸು ಹತ್ತುವುದೆಂದು ನಾವು ನಾಲ್ವರೇ ಕೂತು ಗೊತ್ತುಮಾಡಿದ್ದೆವು. ಬೆಳಿಗ್ಗೆ ಬಸ್ಸಿಗಿಂತ ಮೊದಲು ಸಣ್ಣಪ್ಪ ಬಂದಿದ್ದ. ಮಗಳನ್ನು ಜಡೆ ಹಿಡಿದು ಎಳೆದುಕೊಂಡು ಹೋದ. ತಿಂಗಳೊಪ್ಪತ್ತಿನಲ್ಲಿ ಮರಳಿಗೆ ಕೊಟ್ಟು ಮದುವೆ ಮಾಡಿದ.

“ಹಂಗಾದ್ರ ಹಸನಬೀ ಬರಾಕಬೇಕು,” ಎಂದಳು ಶಾಂತಕ್ಕ. “ಅಕಿ ಮಂದಿ ಇನ್ನೂ ಅಲ್ಲೇ ಅದಾರ. ಅಕಿಗೂ ಅರವತ್ತು.”

“ಅಕಿ ಬ್ಯಾಡ.”

“ಯಾಕ?”

“ಯಾಕಂದ್ರ?” ದುರಗಮ್ಮ ಚಹದ ಕಪ್ಪನ್ನು ಕೆಳಗಿಟ್ಟಳು. “ಆವತ್ತು ಜ್ವರ ಬಂದಾವ ಅಂತ ಅಕಿ ಬಸ್ ಸ್ಟ್ಯಾಂಡಿಗೆ ಬರಲಿಲ್ಲ, ನಮ್ಮಪ್ಪ ಬಂದ. ಅವಗ ಹೇಳಿದವರು ಯಾರು? ನೀ ಅಷ್ಟೊತ್ತಿಗೆ ಕೊಪ್ಪಳಕ್ಕ ನಿಮ್ಮಕ್ಕನ ಮನಿಗೆ ಹೋಗಿದ್ದಿ. ಈ ಪಾರ್ವತಿಗಂತೂ ಬಾಯಽ ಇಲ್ಲ. ಉಳದಾಕಿ ಯಾರು ಹೇಳು? ಎದುರಿಗೆ ಬಂದ್ರ ಆರಾಮೇನು ಅಂತೀನಿ, ಅಷ್ಟಽ. ಅಕಿ ಕೂಡ ಕುಂತು ಆ ಗೇಟ್ ನೋಡಾಕ ನನ್ನಿಂದ ಆಗೂದಿಲ್ಲ.”

ಹಾಗೆಂದು ನನ್ನ ತೊಡೆ ತಟ್ಟಿದಳು, ಬಾಯಿಲ್ಲದವಳನ್ನು ಮೆಚ್ಚಿದಂತೆ. ನಾನು ಕಪ್ಪಿನಲ್ಲಿ ಕಟ್ಟುತ್ತಿದ್ದ ಕೆನೆಯನ್ನು ನೋಡುತ್ತ ಕೂತೆ.

ಹೇಳಿದವಳು ನಾನು.

ನವಲಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಶ್ರಾವಣದುದ್ದಕ್ಕೂ ಸಂಜೆ ಪುರಾಣ ನಡೆಯುತ್ತಿತ್ತು. ಅಜ್ಜ ಪದ್ಯ ಹಾಡುತ್ತಿದ್ದ, ಓಣಿಯೆಲ್ಲ ಕೇಳುತ್ತಿತ್ತು. ಅಕ್ಷರ ಬರುವ ಮೊದಲೇ ನನಗೆ ಆ ಪದ್ಯಗಳು ಬಂದಿದ್ದವು. ಪುರಾಣಕ್ಕೆ ಕೂತವರು ಮಂಗಳ ಹಾಡುವವರೆಗೆ ಸುಳ್ಳು ಆಡಬಾರದೆಂದು ಅಜ್ಜಿ ನನ್ನ ಕೈ ಹಿಡಿದು ಹೇಳಿಕೊಟ್ಟಿದ್ದಳು. ಆ ಸಂಜೆ ಅಜ್ಜ ನೀರು ಕುಡಿಯಲು ನಿಲ್ಲಿಸಿದ. ನಾನು ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ಸಣ್ಣಪ್ಪ ಕೇಳಿದ, “ಪಾರ್ವತಿ, ನಮ್ಮ ದುರಗಿ ನಾಳೆ ಕನಕಗಿರಿಗೆ ಹೊಂಟಾಳಂತ. ನೀನೂ ಹೊಂಟೀಯೇನವಾ?” ನಾನು ಹೇಳಿಬಿಟ್ಟೆ. ಕನಕಗಿರಿಗಲ್ಲ, ಹೈದರಾಬಾದಿಗೆ ಎಂದೆ. ಅಜ್ಜ ಮುಂದಿನ ಪದ್ಯ ಹಿಡಿದ. ಸಣ್ಣಪ್ಪ ಮಂಗಳದವರೆಗೆ ಕೂತೇ ಇದ್ದ.

ಅಪ್ಪನಿಗೆ ಹೇಗೋ ತಿಳಿಯಿತು ಎಂದು ದುರಗಮ್ಮ ಬಿಟ್ಟುಬಿಟ್ಟಿದ್ದಾಳೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅದರ ಭಾರ ಇನ್ನೊಬ್ಬಳ ತಲೆಯ ಮೇಲಿದೆಯೆಂದು ಆ ದಿನವೇ ಗೊತ್ತಾದದ್ದು. ಗೊತ್ತಾದ ಮೇಲೂ ಬಾಯಿ ಬಿಡದೆ ಬಸ್ಸು ಹತ್ತಿ ಮನೆಗೆ ಬಂದೆ.

ಮೂರನೆಯ ದಿನ ನವಲಿಗೆ ಹೋದೆ. ಹಸನಬೀ ಹೊಲಿಗೆ ಯಂತ್ರದ ಮುಂದೆ ಇದ್ದಳು. ನನ್ನನ್ನು ಕಂಡೊಡನೆ ಗಾಲಿ ನಿಲ್ಲಿಸಿದಳು.

“ಬಾ ಬಾ, ಕರಿಯಾಕ ಬಂದಿ ಹೌದಲ್ಲ? ನನಗೆಲ್ಲಾ ಸುದ್ದಿ ಬಂದೈತಿ. ಶಾಂತಕ್ಕ ಫೋನ್ ಮಾಡಿ ಹೈದರಾಬಾದ್ ಅಂದ್ಲು, ಮುಂದ ಏನೋ ತೊದಲಿ ಇಟ್ಟಬಿಟ್ಲು. ಅಫ್ಸಾನಾ, ಚಹ ಇಡವಾ!” ಎಂದು ಸೊಸೆಯನ್ನು ಕೂಗಿದಳು. ಮಡಿಲಿಗೆ ನಾಲ್ಕು ಬಟ್ಟೆಚೀಲ ಹಾಕಿದಳು. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಒಂದೊಂದು ಹೆಸರು. “ನಿನ್ನ ಹೆಸರ ಭಾಳ ಉದ್ದ ಮಾರಾಯ್ತಿ, ದಾರ ಎಲ್ಲಾ ನೀನಽ ತಿಂದಿ.”

ನಾನು ನಗಲು ಪ್ರಯತ್ನಿಸಿದೆ.

ಹಸನಬೀ ಧ್ವನಿ ಇಳಿಸಿದಳು. “ಪಾರ್ವತಿ, ಒಂದು ಮಾತು. ದುರಗಿ ನನ್ನ ಕೂಡ ಯಾಕ ಹಂಗ ಇರ್ತಾಳ? ಮದಿವಿಗೆ ಕರದ್ರ ಬರ್ತಾಳ, ಉಣ್ತಾಳ, ಮುಖ ಮಾತ್ರ ಕೊಡೂದಿಲ್ಲ. ಆವತ್ತು ನನಗ ಖರೇನಽ ಜ್ವರ ಬಂದಿದ್ವು. ಬಸ್ಸಿನ್ಯಾಗ ಪಕ್ಕಕ್ಕ ಕುಂತು ಕೇಳಬೇಕು ಅಂತ ಮಾಡೀನಿ, ನಾ ಏನ್ ತಪ್ಪ ಮಾಡೀನಿ ಅಂತ.”

ಅಫ್ಸಾನಾ ಚಹ ತಂದಳು. ಕುಡಿದೆ. ನನ್ನ ಹೆಸರಿನ ಚೀಲ ಕಂಕುಳಲ್ಲಿಟ್ಟುಕೊಂಡು ಎದ್ದೆ. ಮನೆಯ ಹಾದಿ ಹಿಡಿಯಲಿಲ್ಲ, ನೇರ ಮರಳಿಗೆ ಹೋದೆ.

ದುರಗಮ್ಮ ಅಂಗಳದಲ್ಲಿ ಬಟ್ಟೆ ನೆನೆಸುತ್ತಿದ್ದಳು. ನಾನು ಕೂಡಲಿಲ್ಲ. ಕೂತರೆ ಹೇಳಲಾರೆನೆಂದು ಅನ್ನಿಸಿತು.

“ಸಣ್ಣಪ್ಪಗ ಹೇಳಿದಾಕಿ ನಾನು, ದುರಗಿ. ಹಸನಬೀ ಅಲ್ಲ. ಪುರಾಣಕ್ಕ ಕುಂತಿದ್ದೆ. ಅಂವ ಕೇಳಿದ. ಸುಳ್ಳ ಆಡಬಾರ್ದಿತ್ತು.”

ಅವಳು ಸೋಪಿನ ನೀರಿನಿಂದ ಕೈ ತೆಗೆದಳು.

“ಸುಳ್ಳ ಆಡಬಾರ್ದಿತ್ತು,” ಎಂದಳು. “ಸುಮ್ಮನ ಇರಬಾರ್ದು ಅಂತ ಯಾರರ ಹೇಳಿದ್ರೇನು ನಿನಗ? ಹುಟ್ಟಿದಾಗಿಂದ ನಿನಗ ಬರೂದು ಅದೊಂದಽ. ಸುಮ್ಮನ ಇರೂದು. ಆ ಒಂದು ಸಂಜಿ ಇರಾಕ ಆಗಲಿಲ್ಲ?”

ಅವಳ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾವೆಲ್ಲ ಇಲ್ಲೇ ಉಳಿಯುವಾಗ ಅವಳೊಬ್ಬಳು ಬಿಳಿ ಬಟ್ಟೆ ಹಾಕಿಕೊಂಡು ದೊಡ್ಡ ಊರಿನಲ್ಲಿ ಓಡಾಡುತ್ತಾಳೆಂಬುದು ನನಗೆ ಸೇರಿರಲಿಲ್ಲವೇನೋ. ದೇವರ ಮುಂದೆ ಹೇಳಿದ ಸತ್ಯದ ಹಿಂದೆ ಅದೂ ಕೂತಿತ್ತೇನೋ. ಅದನ್ನೂ ಹೇಳಿದೆ.

“ಎಷ್ಟ ಸಲ ಈ ಮನ್ಯಾಗ ಉಂಡೀ ನೀನು,” ಎಂದಳು ದುರಗಮ್ಮ. “ನನ್ನ ಮಕ್ಕಳನ್ನ ಆಡಿಸಿದಿ. ನಾ ಮನಸ್ಸಿನ್ಯಾಗ ಅಕಿನ್ನ ಬೈಕೊಂತ ಕುಂತೆ, ನಿನ್ನ ನಂಬಿದೆ. ಹೋಗು. ಇನ್ನ ನಿಂದ್ರಬ್ಯಾಡ ಇಲ್ಲೆ.”

ಬಂದೆ. ನನ್ನ ಆಧಾರ ಕಾರ್ಡು ಅವಳ ಬಳಿಯೇ ಉಳಿಯಿತು.

ಎರಡು ದಿನದ ಮೇಲೆ ಶಾಂತಕ್ಕ ಫೋನ್ ಮಾಡಿದಳು. “ಏನ್ ಮಾಡಿದೆವ್ವಾ ನೀನು? ದುರಗಿ ನವಲಿಗೆ ಹೋಗ್ಯಾಳ. ಹಸನಬೀ ಮುಂದ ನಿಂತು ‘ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋ’ ಅಂದಾಳಂತ. ಹಸನಬೀ ಅಳಾಕ ಹತ್ಯಾಳ, ನಗಾಕ ಹತ್ಯಾಳ, ಏನೂ ತಿಳಿವಲ್ದು. ಅಕಿ ಕಾರ್ಡೂ ಇಸ್ಕೊಂಡು ಹೋಗ್ಯಾಳ.”

“ನನಗ ಏನರ ಅಂದ್ಲಾ?”

“ಬರಬ್ಯಾಡ ಅಂದಿಲ್ಲ. ಬಾ ಅಂತನೂ ಅಂದಿಲ್ಲ.”

ಜೂನ್ ಒಂದು ಭಾನುವಾರ ಬಂತು. ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕಟ್ಟಿದೆ. ಬುತ್ತಿ ಕೊಟ್ಟು, ಕಾರ್ಡು ಇಸಿದುಕೊಂಡು ಬರುತ್ತೇನೆಂದು ಗಂಡನಿಗೆ ಹೇಳಿದೆ. ಆದರೂ ಚೀಲದ ತಳದಲ್ಲಿ ಎರಡು ಸೀರೆ ಮಡಚಿ ಇಟ್ಟಿದ್ದೆ.

ಕಾರಟಗಿ ಬಸ್ ನಿಲ್ದಾಣದಲ್ಲಿ ಹಸನಬೀ ಆಗಲೇ ಬಂದು ಕೂತಿದ್ದಳು. ನನ್ನನ್ನು ನೋಡಿದಳು. ಸರಿದು ಜಾಗ ಕೊಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

“ನವಲಿಗೆ ಬಂದಾಗ ಹೇಳಬೇಕಿತ್ತು,” ಎಂದಳು. “ಚಹ ಕುಡದು ಹೋದಿ.”

“ಹೌದು.”

“ಚೀಲ ಛಲೋ ಐತೇನು?”

“ಛಲೋ ಐತಿ.”

ಅಷ್ಟರಲ್ಲಿ ಗಂಗಾವತಿ ಕಡೆಯಿಂದ ರಾಯಚೂರಿನ ಬಸ್ಸು ಬಂತು. ಮುಂದಿನ ಕಿಟಕಿಯಲ್ಲಿ ದುರಗಮ್ಮ, ಅವಳ ಪಕ್ಕ ಶಾಂತಕ್ಕ. ಹಸನಬೀ ಹತ್ತಿದಳು. ನಾನು ಕಿಟಕಿಯ ಕೆಳಗೆ ನಿಂತು ಬುತ್ತಿಯ ಗಂಟು ಎತ್ತಿ ಹಿಡಿದೆ. “ದುರಗಿ, ಇದ ತಗೋ. ನನ್ನ ಕಾರ್ಡ್ ಕೊಟ್ಟಬಿಡು.”

ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. ಗಂಟಿಗೆ ಕೈ ಚಾಚಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ಸೀಟಿ ಬಾಯಿಗಿಟ್ಟುಕೊಂಡು ಕೇಳಿದ, “ಏ ಯವ್ವಾ, ಹತ್ತೋರು ಎಷ್ಟ ಮಂದಿ? ಬಿಡಬೇಕು ಗಾಡಿ.”

ದುರಗಮ್ಮ ಕುತ್ತಿಗೆ ತಿರುಗಿಸದೆಯೇ ಅವನಿಗೆ ಹೇಳಿದಳು, “ಇಬ್ಬರು.” ಪರ್ಸಿನಿಂದ ಎರಡು ಕಾರ್ಡು ತೆಗೆದು ಹಿಡಿದಳು.

ನಾನು ಹತ್ತಿದೆ. ಅವರ ಹಿಂದಿನ ಸೀಟಿನಲ್ಲಿ ಹಸನಬೀಯ ಪಕ್ಕ ಕೂತೆ. ಕಂಡಕ್ಟರ್ ಕಾರ್ಡುಗಳನ್ನು ತಿರುಗಿಸಿ ನೋಡಿ ನಕ್ಕ. “ಗಂಗಾವತ್ಯಾಗ ಎರಡು ಜೂನ್ ಒಂದು ನೋಡಿದೆ, ಇಲ್ಲಿ ಮತ್ತೆರಡು. ಏನ್ರಿ ಇದು, ನಾಕೂ ಮಂದಿ ಒಮ್ಮೆಲೆ ಹುಟ್ಟೀರೇನು?”

“ಹೆಡ್‌ಮಾಸ್ತರ್ ಹಡದಾರ್ರಿ ನಮ್ಮನ್ನ,” ಎಂದಳು ಶಾಂತಕ್ಕ. ಬಸ್ಸಿನಲ್ಲಿದ್ದವರು ನಕ್ಕರು. ದುರಗಮ್ಮ ನಗಲಿಲ್ಲ. ನನ್ನ ಕಾರ್ಡನ್ನೂ ಬಸ್ ಚೀಟಿಯನ್ನೂ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು.

“ನನ್ನ ಕೂಡ ಮಾತಾಡಬ್ಯಾಡ,” ಎಂದಳು. “ಹೈದರಾಬಾದ್ ಬರೂತನಕ ಬ್ಯಾಡ. ಬಂದ ಮ್ಯಾಲ ನೋಡೋಣು.”

ಸಿಂಧನೂರು ದಾಟಿದ ಮೇಲೆ ಹಸನಬೀ ಬುತ್ತಿ ಬಿಚ್ಚಿದಳು. ಒಂದು ರೊಟ್ಟಿಯ ಮೇಲೆ ಚಟ್ನಿ ಇಟ್ಟು ಮುಂದಕ್ಕೆ ಕೊಟ್ಟಳು. ಯಾರು ಮಾಡಿದ್ದೆಂದು ದುರಗಮ್ಮ ಕೇಳಲಿಲ್ಲ, ತೆಗೆದುಕೊಂಡಳು. ಮಾನ್ವಿ ಬರುವವರೆಗೂ ಆ ರೊಟ್ಟಿ ಅವಳ ತೊಡೆಯ ಮೇಲೆ ಮುರಿಯದೆ ಹಾಗೆಯೇ ಇತ್ತು.