ಗೆರೆಯ ಪಕ್ಕದ ಜಾಗ

ಫುಟ್‌ಬಾಲ್ ಸೀಸನ್ ಶುರುವಾಗಲು ಹನ್ನೆರಡು ದಿನ ಉಳಿದಿದ್ದಾಗ ಬಸ್ ಡಿಪೋದ ನೋಟಿಸು ಹಲಗೆಯ ಮೇಲೆ ಒಂದು ಕಾಗದ ಬಂದು ಕೂತಿತು. ಮೊದಲು ಅದನ್ನು ಓದಿದವರು ಡ್ರೈವರುಗಳು, ಆಮೇಲೆ ಕಂಡಕ್ಟರುಗಳು. ಎಲ್ಲರೂ ಓದಿ ನಕ್ಕು ಮುಗಿಸಿದ ಮೇಲೆ, ಯಾರ ಸಲುವಾಗಿ ಅದು ಬಂದಿತ್ತೋ ಅವರು ಓದಿದರು.

ಅವರು ಟೈರು ವಿಭಾಗದ ಫೋರ್‌ಮನ್, ಡಿಪೋ ತಂಡದ ಕೋಚ್. ಹತ್ತೊಂಬತ್ತು ವರ್ಷದಿಂದ ಅವರ ಕೊರಳನ್ನು ಸೀಟಿ ಇಲ್ಲದೆ ಕಂಡವರಿಲ್ಲ. ಎದುರಿಗೆ ಎಲ್ಲರೂ ‘ಮೇಷ್ಟ್ರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಪೀಪಿ ಮೇಷ್ಟ್ರು’.

ಕಾಗದದಲ್ಲಿದ್ದದ್ದು ಇಷ್ಟೇ. ಈ ಸಲ ಲೀಗಿನ ಕೋಚ್‌ಗಳೆಲ್ಲ ‘ಮಾರ್ಗದರ್ಶಕ ನಾಯಕತ್ವ’ ಎಂಬ ಮೂರು ದಿನದ ತರಗತಿಗೆ ಬರಬೇಕು. ಮೂರನೆಯ ದಿನ ತಮ್ಮ ಆಟಗಾರನೊಬ್ಬ ಸ್ವಂತ ಕೈಯಲ್ಲಿ ಬರೆದ ಪತ್ರ ತರಬೇಕು: ಇವರಿಂದ ನಾನು ಏನು ಕಲಿತೆ ಎಂದು. ಪತ್ರ ತಾರದ ಕೋಚ್ ಸೀಸನ್ ಮುಗಿಯುವವರೆಗೆ ಮೈದಾನದ ಗೆರೆಯ ಪಕ್ಕ ನಿಲ್ಲುವಂತಿಲ್ಲ, ಬೇಲಿಯಾಚೆ ಜನರ ನಡುವೆ ಕೂರಬೇಕು.

ಪ್ರತಿವರ್ಷ ಈ ಹೊತ್ತಿಗೆ ಕ್ಯಾಂಟೀನಿನಲ್ಲಿ ಯಾರ ಮಂಡಿ ನೆಟ್ಟಗಾಯಿತು, ಯಾರ ಹೊಟ್ಟೆ ಮುಂದೆ ಬಂತು, ಅಂಚೆ ಇಲಾಖೆಯ ತಂಡಕ್ಕೆ ಹೊಸ ಫಾರ್ವರ್ಡ್ ಎಲ್ಲಿಂದ ಬಂದ ಎಂಬ ಮಾತೇ ಕುದಿಯುತ್ತಿತ್ತು. ಈ ಸಲ ಪತ್ರದ ಮಾತು. ಬರೆಯುವವರು ಯಾರೂ ಸಿಗದಿದ್ದರೆ ಟೈರುಗಳ ಕೈಲೇ ಬರೆಸಬೇಕು, ಅವೂ ಮೇಷ್ಟ್ರಿಂದ ಬೇಕಾದಷ್ಟು ಬೈಸಿಕೊಂಡಿವೆ ಎಂದು ಒಬ್ಬ ಡ್ರೈವರ್ ಅಂದ. ಆ ಮಾತು ಟೈರು ಶೆಡ್ಡಿಗೆ ಚಹಾಕ್ಕಿಂತ ಮೊದಲೇ ತಲುಪಿತು. ಮೇಷ್ಟ್ರು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಕುಕ್ಕಿದರು.

ಮೇಷ್ಟ್ರು ಮದುವೆಯಾದವರಲ್ಲ. ಸೀಸನ್ನೇ ಅವರ ಸಂಸಾರ. ಆ ಸಂಸಾರದಲ್ಲಿ ಬಾಯಿ ಇದ್ದದ್ದು ಒಬ್ಬರಿಗೇ. “ಕಾಲು ನಿಮ್ಮವು, ಕಣ್ಣು ನಂದು” ಎನ್ನುವುದು ಅವರು ಹೊಸ ಆಟಗಾರನಿಗೆ ಹೇಳುವ ಮೊದಲ ಮಾತು. ಮೈದಾನದಲ್ಲಿ ಯಾರೂ ಯಾರನ್ನೂ ಕೂಗುವಂತಿಲ್ಲ. ಹೊಡಿ, ನಿಲ್ಲು, ಬಿಡು, ಹಿಡಿ, ಎಲ್ಲವೂ ಅವರ ಗಂಟಲಿಂದಲೇ ಬರಬೇಕು. ತಪ್ಪು ಮಾಡಿದವನನ್ನು ಹೊರಗೆ ಕರೆದು, ಮೈದಾನಕ್ಕೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆಟ ಮುಗಿಯುವವರೆಗೆ ಅವನ ಹತ್ತಿರ ಯಾರೂ ಮಾತಾಡಬಾರದು. ಈ ಕ್ರಮದಲ್ಲೇ ಎರಡು ಕಪ್ಪು ಬಂದಿದ್ದವು. ಗೆದ್ದವನ ಕ್ರಮಕ್ಕೆ ಹೆಸರಿಡುವವರು ಯಾರು?

ಹೋದ ವರ್ಷದ ಫೈನಲ್‌ನಲ್ಲಿ ಎದುರಿದ್ದದ್ದು ಅಂಚೆ ತಂಡ. ಡಿಪೋದ ಗೋಲಿನಲ್ಲಿ ನಿಂತಿದ್ದವನು ಮೇಷ್ಟ್ರ ಅಕ್ಕನ ಮಗ, ಡಿಪೋದಲ್ಲೇ ವೆಲ್ಡರ್. ಎರಡೂ ಕಡೆ ಸಮ, ಮೂರು ನಿಮಿಷ ಬಾಕಿ. ದೂರದಿಂದ ಒಂದು ಚೆಂಡು ಎತ್ತರಕ್ಕೆ ಎದ್ದು ಬಂತು. ಅಳಿಯ ಕೈ ಎತ್ತಿದ್ದ. ಹೊರಗೆ ಹೋಗುತ್ತದೆ ಎಂದು ಮೇಷ್ಟ್ರ ಕಣ್ಣು ಹೇಳಿತು, “ಬಿಡು” ಎಂದು ಗಂಟಲು ಕೂಗಿತು. ಅಳಿಯ ಎತ್ತಿದ ಕೈ ಇಳಿಸಿದ. ಚೆಂಡು ಕಂಬದ ಒಳಮೈಗೆ ಬಡಿದು ಬಲೆಗೆ ಬಿತ್ತು.

ಆಮೇಲೆ ನಡೆದದ್ದನ್ನು ನಾನೂರು ಜನ ನೋಡಿದರು. ಮೇಷ್ಟ್ರು ಸೀಳಿಹೋದ ದನಿಯಲ್ಲಿ ಅಳಿಯನನ್ನು ಹೊರಗೆ ಕರೆದರು, ಬೆನ್ನು ಮಾಡಿ ಕೂರಿಸಿದರು. ಆ ನಾನೂರು ಜನರಲ್ಲಿ ಅವನ ತಾಯಿಯೂ ಇದ್ದಳು. ಅಳಿಯ ಮಾರನೆಯ ದಿನ ಕೈಗವಸುಗಳನ್ನು ತೊಳೆದು ಒಣಗಿಸಿ ತಂದು ಟೈರು ಶೆಡ್ಡಿನ ಮೇಜಿನ ಮೇಲಿಟ್ಟು ಹೋದ. ಮತ್ತೆ ಆಡಲಿಲ್ಲ.

ಮೇಷ್ಟ್ರು ದೈವಭಕ್ತರು. ಅಂದಿನಿಂದ ಪ್ರತಿ ಬೆಳಗಿನ ಪ್ರಾರ್ಥನೆಯಲ್ಲಿ, ಬಿಡು ಅಂದವನು ನಾನೇ ಎಂದು ದೇವರ ಮುಂದೆ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡು ಎದ್ದ ಮೇಲೆ ಎದೆ ಹಗುರಾಗುತ್ತಿತ್ತು. ದೇವರಿಗೆ ಗೊತ್ತಿರುವುದನ್ನು ದೇವರಿಗೇ ಹೇಳಲು ಧೈರ್ಯ ಬೇಕಿಲ್ಲ ಎನ್ನುವುದು ಅವರಿಗೆ ಹೊಳೆದಿರಲಿಲ್ಲ.

ಪತ್ರಕ್ಕಾಗಿ ಅವರು ಮೊದಲು ಹೋದದ್ದು ಅಳಿಯನ ಹತ್ತಿರವೇ. ರಕ್ತಸಂಬಂಧ, ಇಲ್ಲ ಅನ್ನಲಾರ ಎಂಬ ಎಣಿಕೆ. ಅವನ ಕೈಯಿಂದಲೇ ಪತ್ರ ಬಂದರೆ ಹೋದ ವರ್ಷದ್ದು ತಾನಾಗಿ ಅಳಿಸಿಹೋದೀತು ಎಂಬ ಆಸೆ ಇನ್ನೊಂದು.

ಅಳಿಯ ಒಂದು ಬಸ್ಸಿನ ಸೀಟಿನ ಚೌಕಟ್ಟಿಗೆ ಬೆಸುಗೆ ಹಾಕುತ್ತಿದ್ದ. ಮಾವ ಬಂದದ್ದು ಕಂಡರೂ ಕೆಲಸ ನಿಲ್ಲಿಸಲಿಲ್ಲ. “ಬೆನ್ನು ತಿರುಗಿಸಿ ನಿಲ್ಲಿ. ಬೆಳಕು ನೋಡಿದ್ರೆ ಕಣ್ಣು ಹೋದಾವು” ಎಂದ. ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಂತೇ ಬಂದ ವಿಷಯ ಹೇಳಿದರು. ಹಿಂದೆ ಕಿಡಿ ಸಿಡಿಯುವ ಸದ್ದು. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು.

“ಬರೀತೀನಿ ಮಾವ. ನಡೆದಿದ್ದನ್ನ ಬರೀತೀನಿ. ಆಗಬಹುದಾ?”

ಮೇಷ್ಟ್ರು ತಿರುಗಿದರು. ಮುಖಕವಚ ಎತ್ತಿದ ಅಳಿಯನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಮನೆಯ ಮಾತನ್ನು ಬೀದಿಗೆ ಹಾಕುತ್ತೀಯಾ, ಹೆಗಲ ಮೇಲೆ ಹೊತ್ತು ಬೆಳೆಸಿದವನನ್ನೇ ಕೆಡವುತ್ತೀಯಾ ಎಂದು ಮೇಷ್ಟ್ರು ರೇಗಿದರು. ಅಳಿಯ ಮುಖಕವಚ ಇಳಿಸಿದ. ಕಿಡಿ ಮತ್ತೆ ಸಿಡಿಯತೊಡಗಿತು.

ಆಗ ಉಳಿದವನು ಹೌದಪ್ಪ. ಅದು ಹೆತ್ತವರು ಇಟ್ಟ ಹೆಸರಲ್ಲ. ಬಲಗಡೆಯ ಬ್ಯಾಕ್ ಆಡುವ ಈ ಕಂಡಕ್ಟರ್, ಮೇಷ್ಟ್ರು ಹಗಲನ್ನು ಇರುಳು ಅಂದರೂ ದೀಪ ಹುಡುಕುವವನು. ಎಲ್ಲಿ ಸಹಿ ಹಾಕಲಿ ಎಂದು ಮೊದಲೇ ಕೇಳಿದ. ಬರೆಯಬೇಕಾದದ್ದು ಏನೆಂದು ಆಮೇಲೆ ಕೇಳಿದ. ನಿನಗೆ ತೋಚಿದ್ದು ಬರಿ ಎಂದರು ಮೇಷ್ಟ್ರು. ತರಗತಿಯ ಎರಡನೆಯ ದಿನ ಸಂಜೆ ಮೂರು ಪುಟ ತಂದುಕೊಟ್ಟ. ಮೇಷ್ಟ್ರು ಓದದೆ ಜೇಬಿಗಿಟ್ಟುಕೊಂಡರು.

ತರಗತಿ ಲೀಗಿನ ಕಚೇರಿಯ ಮೇಲ್ಮಹಡಿಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಬಿಳಿ ಹಲಗೆ, ಮೇಷ್ಟ್ರಿಗೆ ಮಗಳ ವಯಸ್ಸಿನ ತರಬೇತುಗಾರ್ತಿ. ನೀವು ತಪ್ಪು ಮಾಡಿದರೆ ನಿಮ್ಮ ತಂಡದಲ್ಲಿ ನಿಮಗೆ ಹೇಳುವವರು ಯಾರು ಎಂದು ಮೊದಲ ದಿನವೇ ಅವಳು ಒಬ್ಬೊಬ್ಬರನ್ನೂ ಕೇಳಿದ್ದಳು. “ಸ್ಕೋರು ಹೇಳುತ್ತೆ” ಎಂದಿದ್ದರು ಮೇಷ್ಟ್ರು. ಉಳಿದ ಕೋಚ್‌ಗಳು ಮೆಚ್ಚಿ ನಕ್ಕಿದ್ದರು. ಅವಳು ಮಾತ್ರ ಅದನ್ನು ಹಲಗೆಯ ಮೇಲೆ ಬರೆದು ಹಾಗೇ ಬಿಟ್ಟಿದ್ದಳು. ಎರಡು ದಿನವೂ ಆ ಮಾತು ಮೇಷ್ಟ್ರ ಕಣ್ಣಿಗೆ ಚುಚ್ಚುತ್ತಿತ್ತು.

ಮೂರನೆಯ ದಿನ ಪತ್ರಗಳನ್ನು ಎದ್ದು ನಿಂತು ಓದಬೇಕಾಯಿತು. ಮೇಷ್ಟ್ರ ಸರದಿ ಬಂತು. ಮೊದಲ ಪುಟದ ತುಂಬ ಹೊಗಳಿಕೆ. ತಂದೆಯಂತೆ, ಗುರುವಿನಂತೆ, ದಾರಿ ತೋರುವ ದೀಪದಂತೆ. ಓದುತ್ತ ಓದುತ್ತ ಅವರ ದನಿ ಏರಿತು. ಎರಡನೆಯ ಪುಟ ತಿರುವಿದರು.

“ಹೋದ ವರ್ಷದ ಫೈನಲ್‌ನಲ್ಲಿ ಗುರುಗಳು ‘ಹಿಡಿ’ ಎಂದು ಕೂಗಿದ್ದನ್ನು ಹತ್ತು ಹೆಜ್ಜೆ ದೂರದಲ್ಲಿದ್ದ ನಾನು ಕಿವಿಯಾರೆ ಕೇಳಿದೆ. ಕೀಪರ್ ಅಹಂಕಾರದಿಂದ ಚೆಂಡು ಬಿಟ್ಟ. ಸ್ವಂತ ಅಳಿಯನೆಂದೂ ನೋಡದೆ ಗುರುಗಳು ಅವನನ್ನು ಶಿಕ್ಷಿಸಿದರು. ನ್ಯಾಯ ಎಂದರೇನು ಎಂದು ನಾನು ಕಲಿತದ್ದು ಆ ದಿನ…”

ಮೇಷ್ಟ್ರ ದನಿ ನಿಂತಿತು.

ಮುಂದೆ ಓದಿ ಸಾರ್ ಎಂದಳು ತರಬೇತುಗಾರ್ತಿ. ಮೇಷ್ಟ್ರು ಆ ಸಾಲನ್ನೇ ನೋಡುತ್ತಿದ್ದರು. ಅವರು ಆ ಸುಳ್ಳನ್ನು ಬೇಡಿರಲಿಲ್ಲ. ಇಡೀ ವರ್ಷ ದೇವರ ಮುಂದೆ ಒಪ್ಪಿಕೊಂಡಿದ್ದ ಆ ಒಂದು ಮಾತನ್ನು ಬೇರೊಬ್ಬ ಕೇಳಿಸಿಕೊಂಡಿದ್ದ, ಕೇಳಿಸಿಕೊಂಡು ತಿರುಗಿಸಿ ಬರೆದಿದ್ದ, ಅದೂ ದುಂಡಗಿನ ಅಂದದ ಅಕ್ಷರದಲ್ಲಿ.

“ಇದು ಸುಳ್ಳು” ಎಂದರು.

“ಯಾವುದು ಸಾರ್?”

“ನಾನು ಹಿಡಿ ಅನ್ಲಿಲ್ಲ. ಬಿಡು ಅಂದೆ.”

ಆಮೇಲೆ ಅಂಚೆ ತಂಡದ ಕೋಚ್ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ಕಪ್ಪು ಕೊಟ್ಟೋರು ನೀವೇ ಅನ್ನಿ. ನಾವು ಒಂದು ವರ್ಷದಿಂದ ಪಾಪ ಆ ಹುಡುಗನ್ನ ನೆನೆಸ್ಕೊಂಡು ಕೈ ಮುಗೀತಿದ್ವಿ.” ಕೋಣೆ ಗೊಳ್ಳೆಂದು ನಕ್ಕಿತು. ತರಬೇತುಗಾರ್ತಿ ನಗಲಿಲ್ಲ. ಈ ಪತ್ರ ತೆಗೆದುಕೊಳ್ಳಲಾಗುವುದಿಲ್ಲ, ನಾಳೆ ಸಂಜೆ ಐದರೊಳಗೆ ಬೇರೆ ತನ್ನಿ, ಇಲ್ಲದಿದ್ದರೆ ಗೆರೆಯ ಪಕ್ಕದ ಜಾಗ ಇರುವುದಿಲ್ಲ ಎಂದಳು.

ಮೇಷ್ಟ್ರು ಬಸ್ಸಿಗೂ ಕಾಯಲಿಲ್ಲ. ಡಿಪೋದ ಹಿಂದಿನ ಮೈದಾನಕ್ಕೆ ನಡೆದೇ ಹೋದರು. ಕಾದ ಕಾವಲಿಯ ಮೇಲೆ ನೀರು ಬಿದ್ದಂತೆ ತಲೆ ಚುರ್ರೆನ್ನುತ್ತಿತ್ತು. ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಹೌದಪ್ಪನನ್ನು ನಡುವೆ ಕರೆದು ಪತ್ರವನ್ನು ಅವನ ಎದೆಗೆ ಒತ್ತಿದರು.

“ಹಿಡಿ ಅಂದೆ ಅಂತ ಬರಿ ಅಂದಿದ್ದು ಯಾರು?”

“ಯಾರೂ ಇಲ್ಲ ಮೇಷ್ಟ್ರೇ.”

“ಆವತ್ತು ನಿನ್ನ ಕಿವಿಗೆ ಬಿದ್ದಿದ್ದೇನು?”

ಹೌದಪ್ಪ ನೆಲ ನೋಡಿದ, ಜೊತೆಯವರನ್ನು ನೋಡಿದ. ಅವನ ಮುಖದಲ್ಲಿ ಕಪಟ ಇರಲಿಲ್ಲ. ಪರೀಕ್ಷೆಯಲ್ಲಿ ಸರಿಯುತ್ತರ ಹುಡುಕುವವನ ಗಾಬರಿ ಇತ್ತು. “ನೀವು ಏನು ಕೇಳಿಸ್ಕೋ ಅಂತೀರೋ ಅದು” ಎಂದ.

ಮೇಷ್ಟ್ರ ಕೈ ಮೇಲೆದ್ದಿತು. ಹೌದಪ್ಪ ತಪ್ಪಿಸಿಕೊಳ್ಳಲಿಲ್ಲ. ಕೆನ್ನೆ ಕೊಟ್ಟು ನಿಂತ, ಅದನ್ನೂ ತಪ್ಪಿಲ್ಲದೆ ಮಾಡಬೇಕು ಎನ್ನುವವನ ಹಾಗೆ. ಆ ಕೆನ್ನೆಯನ್ನು ಕಂಡು ಮೇಷ್ಟ್ರಿಗೆ ಅಸಹ್ಯವಾಯಿತು, ಅವನ ಮೇಲಲ್ಲ. ಕಬ್ಬಿಣವನ್ನು ಬಾಗಿಸಿದವನು, ಇದೇಕೆ ಡೊಂಕು ಎಂದು ಕಬ್ಬಿಣಕ್ಕೆ ಹೊಡೆದರೆ ನಗುವವರು ಯಾರು, ಅಳುವವರು ಯಾರು?

ಕೈ ಇಳಿಸಿದರು. ಹಲ್ಲು ಕಚ್ಚಿಕೊಂಡೇ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆವತ್ತು ಬಿಡು ಅಂದದ್ದು ತಾವು, ಕೀಪರ್‌ದು ತಪ್ಪಿಲ್ಲ. ಅದರಲ್ಲಿ ಕ್ಷಮೆಯ ಮೆತ್ತನೆ ಮಾತು ಒಂದೂ ಇರಲಿಲ್ಲ. ಬೈಗುಳದ ದನಿಯಲ್ಲೇ ಹೇಳಿದರು, ಬೇರೆ ದನಿ ಅವರಿಗೆ ಬರುತ್ತಿರಲಿಲ್ಲ.

ಯಾರೂ ಬೆರಗಾಗಲಿಲ್ಲ. ಸೆಂಟರ್ ಫಾರ್ವರ್ಡ್ ಆಡುವ ಮೆಕ್ಯಾನಿಕ್ ಅಂದ: “ನಮಗೆ ಗೊತ್ತಿತ್ತು ಮೇಷ್ಟ್ರೇ.”

“ನಮಗೆ ಅಂದ್ರೆ?”

ಅವನು ಸುತ್ತ ನೋಡಿದ. ನಾಲ್ವರು ತಲೆ ತಗ್ಗಿಸಿದರು, ಆಮೇಲೆ ಇನ್ನಿಬ್ಬರು.

“ಗೊತ್ತಿದ್ದೂ ಒಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಅವನು ಕೂತಿದ್ದನ್ನ ನೋಡ್ಕೊಂಡು?”

“ಬೀಗ ಹಾಕಿದ್ದು ನಾವಲ್ಲ” ಎಂದ ಮೆಕ್ಯಾನಿಕ್. ಹತ್ತೊಂಬತ್ತು ವರ್ಷದಲ್ಲಿ ಆ ಮೈದಾನದಲ್ಲಿ ಮೇಷ್ಟ್ರಿಗೆ ಯಾರಾದರೂ ಕೊಟ್ಟ ಮೊದಲ ಎದುರುತ್ತರ ಅದು. ಅಷ್ಟು ದಿನ ನುಂಗಿದ ಸಿಟ್ಟು ಅವನಲ್ಲೂ ಇತ್ತು.

ಮಾರನೆಯ ದಿನ ಸಂಜೆ ಐದು ಗಂಟೆಗೆ ಮೇಷ್ಟ್ರು ಲೀಗಿನ ಕಚೇರಿಗೆ ಹೋಗಲಿಲ್ಲ. ಅಕ್ಕನ ಮನೆಯ ಮೆಟ್ಟಿಲು ಹತ್ತಿದರು. ಅಕ್ಕ ಬಾಗಿಲಲ್ಲೇ ನಿಂತು, ವರ್ಷ ಆಯಿತು ಈ ಕಡೆ ತಲೆ ಹಾಕಿ, ದಾರಿ ತಪ್ಪಿತೋ ಏನೋ ಎಂದಳು. ಒಳಗೆ ಕೂರಿಸಿ ನೀರು ಕೊಟ್ಟಳು. ಮೇಷ್ಟ್ರು ನೀರು ಕುಡಿಯದೆ ಲೋಟವನ್ನು ಹಿಡಿದುಕೊಂಡೇ ಎಲ್ಲ ಹೇಳಿದರು.

ಅಕ್ಕ ಎದುರಿನ ಸ್ಟೂಲಿನ ಮೇಲೆ ಕೂತಳು. ಕೂಗಾಡುತ್ತಾಳೆ ಎಂದುಕೊಂಡಿದ್ದರು. ಅವಳ ದನಿ ನೆಲದ ಮಟ್ಟದಲ್ಲೇ ಇತ್ತು.

“ಆವತ್ತು ರಾತ್ರಿ ಊಟಕ್ಕೆ ಕೂತೋನಿಗೆ ನಾನೂ ಬೈದೆ ಕಣೋ. ಮಾವನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲೋ ಅಂದೆ. ತಟ್ಟೆ ಮುಂದೆ ಕೂತು ಕೇಳಿಸ್ಕೊಂಡ. ಒಂದು ಮಾತು ಆಡ್ಲಿಲ್ಲ. ನೀನು ಸುಳ್ಳು ಹೇಳಿದ್ದು ಹಾಳಾಗಿ ಹೋಗ್ಲಿ. ಹೆತ್ತ ಬಾಯಲ್ಲೂ ಹೇಳಿಸಿದೆಯಲ್ಲ.”

ಮೇಷ್ಟ್ರು ಪ್ರಾರ್ಥನೆಯಲ್ಲಿ ಇಳಿಸಿ ಬರುತ್ತಿದ್ದೆ ಎಂದುಕೊಂಡಿದ್ದ ಭಾರ ಇಷ್ಟು ದಿನ ಈ ಮನೆಯ ತಟ್ಟೆಯ ಮುಂದೆ ಕೂತಿತ್ತು.

ಅಳಿಯ ಕೆಲಸ ಮುಗಿಸಿ ಬಂದ. ಹಿತ್ತಿಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯತೊಡಗಿದ. ಮೇಷ್ಟ್ರು ಎದ್ದು ಅಲ್ಲಿಗೇ ಹೋದರು.

“ಮೈದಾನದಲ್ಲಿ ಹೇಳಿದ್ರಂತೆ” ಎಂದ ಅಳಿಯ, ತಿರುಗದೆ. “ಮಧ್ಯಾಹ್ನದಿಂದ ಒಬ್ಬೊಬ್ಬರೇ ಬಂದು ಬೆನ್ನು ತಟ್ಟಿ ಹೋಗ್ತಿದಾರೆ. ಗೊತ್ತಿದ್ದು ಸುಮ್ನಿದ್ದೋರೇ ಎಲ್ಲ. ಮೈಯೆಲ್ಲ ಉರಿಯುತ್ತೆ ಮಾವ.”

“ಹೂಂ.”

“ಪತ್ರ ಬರೆಯಲ್ಲ. ಈಗಂತೂ ಬರೆಯಲ್ಲ.”

“ಕೇಳೋಕೆ ಬರಲಿಲ್ಲ. ಐದು ಗಂಟೆ ಆಗೋಯ್ತು.”

ಅಳಿಯ ನಲ್ಲಿ ನಿಲ್ಲಿಸಿದ. “ಮತ್ತೆ ಯಾಕೆ ಬಂದ್ರಿ?”

“ತಂಡಕ್ಕೆ ಕೀಪರ್ ಇಲ್ಲ.”

“ಯಾರು ಕರೀತಿರೋದು? ಕೋಚಾ, ಮಾವನಾ?”

“ಕೋಚ್ ಎಲ್ಲಿದಾನೆ? ಈ ಸೀಸನ್ ನಾನು ಬೇಲಿಯಾಚೆ. ಗೆರೆ ಹತ್ರ ಮೆಕ್ಯಾನಿಕ್ ನಿಲ್ತಾನೆ, ಇಲ್ಲ ಯಾರೂ ನಿಲ್ಲಲ್ಲ.”

ಅಳಿಯ ತಿರುಗಿ ಮಾವನ ಮುಖವನ್ನು ನೇರ ನೋಡಿದ. ಅವನ ಕಣ್ಣಲ್ಲಿ ಕರುಣೆ ಹುಡುಕಿದವರಿಗೆ ಸಿಗುತ್ತಿರಲಿಲ್ಲ.

“ನೀವು ಅಲ್ಲಿ ಇರಲ್ಲ ಅಂದ್ರೆ ಬರ್ತೀನಿ” ಎಂದ.

ಯಾರ ಹತ್ತಿರ ಮಾತಾಡುತ್ತಿದ್ದೀಯ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ಹಲ್ಲಿಗೆ ತಾಗಿತು. ಅದನ್ನು ಅಲ್ಲೇ ಹಿಡಿದುಕೊಂಡು, ಹಗ್ಗದ ಮೇಲಿದ್ದ ಒಗೆದ ಟವೆಲು ಎಳೆದು ಅಳಿಯನ ಒದ್ದೆ ಕೈಗೆ ಕೊಟ್ಟರು. “ಭಾನುವಾರ ಎಂಟು ಗಂಟೆಗೆ ಆಟ” ಎಂದರು. ಅಳಿಯ ಟವೆಲು ತೆಗೆದುಕೊಂಡು ಕೈ ಒರೆಸತೊಡಗಿದ.

ಒಳಗಿನಿಂದ ಅಕ್ಕ ಊಟಕ್ಕೆ ಎರಡು ತಟ್ಟೆ ಹಾಕಲೋ ಮೂರೋ ಎಂದು ಕೂಗಿ ಕೇಳಿದಳು. ಯಾರೂ ಉತ್ತರ ಕೊಡದಿದ್ದಾಗ ಅವಳೇ ಸಿಟ್ಟಿನಿಂದ ಮೂರನ್ನೂ ನೆಲಕ್ಕೆ ಕುಕ್ಕಿದ ಸದ್ದು ಕೇಳಿಸಿತು.